ಕಡಲ ಸಿರಿಯೂ ಕಾವಲಿನ ಕೊರತೆಯೂ

ನೆಲವು ಕಿರಿದಾಗಿ ಜಲವು ಹಿರಿದಾದ ನಾಡುಗಳು ಭೂಮಂಡಲದಲ್ಲಿ ಕೆಲವುಂಟು. ಪೆಸಿಫಿಕ್ ಮಹಾಸಾಗರದ ನಡುವಣ ಕಿರಿಬಾಸ್ ಅವುಗಳಲ್ಲೊಂದು. 'ಗಿಲ್ಬರ್ಟ್ಸ್' ಎಂಬ ಆಂಗ್ಲ ನಾಮವೇ ಅಲ್ಲಿಯ ಜನರ ನಾಲಗೆಯಲ್ಲಿ ತದ್ಭವಗೊಂಡು ಈ ಹೆಸರಾಯಿತು. 1979ರಲ್ಲಿ ಸ್ವತಂತ್ರವಾದ ಈ ನಾಡಿನ 33 ದ್ವೀಪಗಳ ನೆಲವೆಲ್ಲ ಕೂಡಿ ಸುಮಾರು 811 ಚದರ ಕಿಲೋಮೀಟರು. ಅದರ ಹಕ್ಕಿಗೊಳಪಟ್ಟ ಕಡಲಾದರೋ ಸುಮಾರು 35 ಲಕ್ಷ ಚದರ ಕಿಲೋಮೀಟರು. ಇಡೀ ಭಾರತದ ನೆಲಕ್ಕಿಂತಲೂ ಮಿಗಿಲು.

ಈ ಹಕ್ಕಿಗೆ ಆಧಾರವು 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಒಡಂಬಡಿಕೆ. ತೀರದಿಂದ 200 ನಾಟಿಕಲ್ ಮೈಲಿಗಳವರೆಗಿನ ಮತ್ಸ್ಯಸಂಪತ್ತಿನ ಮೇಲೆ ತೀರರಾಷ್ಟ್ರಕ್ಕೆ ಅದು ಅಧಿಕಾರವನ್ನಿತ್ತಿತು. ಆದರೆ ಬರಹದಲ್ಲಿರುವ ಹಕ್ಕೆಲ್ಲವೂ ಕೈಗೆ ದಕ್ಕುವುದಿಲ್ಲ. ಟ್ಯೂನಾ ಮೀನು ಸಂಚಾರಶೀಲವಾದುದರಿಂದ ಅದರ ಮೇಲೆ ತೀರರಾಷ್ಟ್ರಗಳಿಗೆ ಅಧಿಕಾರವಿಲ್ಲವೆಂದು ಅಮೆರಿಕವು ಅಂದು ವಾದಿಸಿತು. 1984ರಲ್ಲಿ ಸಾಲೊಮನ್ ದ್ವೀಪಗಳ ಸರಕಾರವು ಅಮೆರಿಕದ ಮೀನುಗಾರಿಕೆಯ ಹಡಗೊಂದನ್ನು ಹಿಡಿದಾಗ, ಆ ನಾಡಿನ ಮೀನಿನ ಆಮದನ್ನೇ ಅಮೆರಿಕವು ತಡೆಯಿತು. 1987ರ ಒಪ್ಪಂದದ ತರುವಾಯವೇ ದ್ವೀಪರಾಷ್ಟ್ರಗಳಿಗೆ ಕ್ರಮವಾಗಿ ಹಣ ಸಲ್ಲತೊಡಗಿತು.

ಕಾವಲಿನ ಕಷ್ಟವು ಬೇರೆ. ಅಷ್ಟು ವಿಸ್ತಾರವಾದ ಕಡಲಿಗೆ ಕಿರಿಬಾಸ್ ನೆಚ್ಚಿರುವುದು ಮುಖ್ಯವಾಗಿ ಆಸ್ಟ್ರೇಲಿಯವು ಕೊಟ್ಟ ಒಂದು ಗಸ್ತುನೌಕೆಯನ್ನು. ಇನ್ನುಳಿದುದಕ್ಕೆ ಉಪಗ್ರಹಗಳ ನೆರವು, ಹಡಗುಗಳಲ್ಲಿ ನಿಯುಕ್ತರಾದ ವೀಕ್ಷಕರು, ನೆರೆನಾಡುಗಳ ಸಹಕಾರ.

ಒಂಟಿಯಾಗಿ ಚೌಕಾಸಿಗೆ ನಿಂತ ದುರ್ಬಲನಿಗೆ ತಕ್ಕ ಬೆಲೆ ಸಿಕ್ಕುವುದು ದುರ್ಲಭ. ಇದನ್ನರಿತ ದ್ವೀಪರಾಷ್ಟ್ರಗಳು 1982ರಲ್ಲಿ ನೌರು ಒಪ್ಪಂದದ ಮೂಲಕ ಒಂದುಗೂಡಿದವು. ಇಂದು ಅದರಲ್ಲಿ ಎಂಟು ರಾಷ್ಟ್ರಗಳಿವೆ. 2007ರಿಂದ ಹಡಗುಗಳಿಗೆ ಮೀನು ಹಿಡಿಯುವ ದಿನಗಳನ್ನೇ ಎಣಿಸಿ ಮಾರುವ ಪದ್ಧತಿಯನ್ನು ತಂದವು. ದಿನಗಳಿಗೆ ಮಿತಿಯಿರುವುದರಿಂದ ಮೀನಿಗೂ ಉಳಿವು, ಬೊಕ್ಕಸಕ್ಕೂ ಬಲ. 2012ರಲ್ಲಿ 5000 ಡಾಲರ್ ಇದ್ದ ದಿನವೊಂದರ ಕನಿಷ್ಠ ಬೆಲೆ 2015ರಲ್ಲಿ 8000 ಡಾಲರ್ ಆಯಿತು.

ಆದರೂ ಉಭಯಸಂಕಟವು ತಪ್ಪಿಲ್ಲ. ಕಿರಿಬಾಸ್ 2015ರಲ್ಲಿ ಫೀನಿಕ್ಸ್ ದ್ವೀಪಗಳ ಸುತ್ತಲಿನ ರಕ್ಷಿತ ಕಡಲಿನಲ್ಲಿ ವಾಣಿಜ್ಯ ಮೀನುಗಾರಿಕೆಯನ್ನು ನಿಲ್ಲಿಸಿ ಲೋಕದ ಮೆಚ್ಚುಗೆಗೆ ಪಾತ್ರವಾಯಿತು. ಆದಾಯದ ಅಗತ್ಯವನ್ನು ಮುಂದಿಟ್ಟು 2021ರಲ್ಲಿ ಆ ನಿಷೇಧವನ್ನು ಕೈಬಿಡಲು ನಿಶ್ಚಯಿಸಿತು. ಸರಕಾರದ ವರಮಾನದ ಬಹುಪಾಲು ಮೀನುಗಾರಿಕೆಯ ಪರವಾನಗಿಗಳಿಂದಲೇ ಬರುವ ನಾಡನ್ನು ಇದಕ್ಕಾಗಿ ಹಳಿಯುವುದು ಸುಲಭ. ಅದರ ಬೊಕ್ಕಸವನ್ನು ತುಂಬಿಕೊಡುವವರು ವಿರಳ.

ಇದರ ಮೇಲೆ ಕಡಲು ಕಾಯುತ್ತಿದೆ, ಏರುತ್ತಿದೆ. ನೀರು ಬಿಸಿಯಾದಂತೆ ಟ್ಯೂನಾ ಪೂರ್ವಾಭಿಮುಖವಾಗಿ ಸರಿದು, ಯಾರಿಗೂ ಸೇರದ ಮುಕ್ತ ಸಾಗರವನ್ನು ಹೊಗಬಹುದೆಂದು ವಿಜ್ಞಾನಿಗಳು ಎಣಿಸಿದ್ದಾರೆ. ನೆಲ ಮುಳುಗಿದರೂ ಕಡಲ ಗಡಿ ಕುಗ್ಗದೆಂದು ಪೆಸಿಫಿಕ್ ದ್ವೀಪಗಳ ನಾಯಕರು 2021ರಲ್ಲಿ ಘೋಷಿಸಿದರು. ಗಡಿಯನ್ನು ಘೋಷಣೆಯಿಂದ ನಿಲ್ಲಿಸಬಹುದು, ಮೀನನ್ನು ನಿಲ್ಲಿಸಲಾಗದು. ಕಡಲನ್ನು ಕಾಯಿಸಿದವರು ದೂರದ ದೊಡ್ಡ ನಾಡಿನವರು. ಅದರ ಫಲವನ್ನುಣ್ಣುವವರು ಹೊಗೆಯನ್ನೇ ಕಾಣದ ಈ ಪುಟ್ಟ ನಾಡಿನವರು.