ಸೈಲೆನ್ಸರಿನ ಬಿಳಿ ಹೊಗೆ: ಮೂಲ ಹುಡುಕುವ ಕಸುಬು

ಕಾರಿನ ಸೈಲೆನ್ಸರಿನಲ್ಲಿ ಆಗೊಮ್ಮೆ ಈಗೊಮ್ಮೆ ಬಿಳಿ ಹೊಗೆ ಕಾಣಿಸಿಕೊಂಡು, ಗ್ಯಾರೇಜು ತಲುಪುವಷ್ಟರಲ್ಲಿ ಮಾಯವಾಗುವ ದೋಷವು, ಸದಾ ಹೊಗೆಯುಗುಳುವ ಎಂಜಿನ್ನಿನ ದೋಷಕ್ಕಿಂತ ಹೆಚ್ಚಾಗಿ ಮೆಕ್ಯಾನಿಕ್‌ಗಳ ಅನುಭವವನ್ನು ಪರೀಕ್ಷೆಗೆ ಒಡ್ಡುತ್ತದೆ. ಕಪ್ಪು ಹೊಗೆಯು ಇಂಧನ ಅತಿಯಾಗಿರುವುದನ್ನೂ ನೀಲಿ ಹೊಗೆಯು ಎಂಜಿನ್ ಆಯಿಲ್ ಉರಿಯುತ್ತಿರುವುದನ್ನೂ ಬಹುಮಟ್ಟಿಗೆ ನೇರವಾಗಿ ಸೂಚಿಸಿದರೆ, ಬಿಳಿ ಹೊಗೆಯ ಹಿಂದೆ ನಿರುಪದ್ರವಿ ನೀರಾವಿಯಿಂದ ಹಿಡಿದು ಬಿರುಕುಬಿಟ್ಟ ಸಿಲಿಂಡರ್ ಹೆಡ್‌ವರೆಗೆ ಏನು ಬೇಕಾದರೂ ಇರಬಹುದು. ಆದ್ದರಿಂದಲೇ ನುರಿತವರು ಸ್ಪ್ಯಾನರ್ ಹಿಡಿಯುವ ಮೊದಲು, ಹೊಗೆ ಯಾವಾಗ, ಎಷ್ಟು ಹೊತ್ತು, ಯಾವ ವಾಸನೆಯೊಡನೆ ಬರುತ್ತದೆ ಎಂದು ವಿಚಾರಿಸುತ್ತಾರೆ.

ಒಂದು ಲೀಟರ್ ಪೆಟ್ರೋಲ್ ಪೂರ್ತಿಯಾಗಿ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹೊರಬೀಳುತ್ತದೆ. ಮಡಿಕೇರಿಯಂಥ ಊರಿನ ಚಳಿಗಾಲದ ಬೆಳಗಿನಲ್ಲಿ ಈ ಆವಿಯು ತಣ್ಣಗಿನ ಕೊಳವೆಯಲ್ಲೂ ಗಾಳಿಯಲ್ಲೂ ಹನಿಗಟ್ಟಿ ಬೆಳ್ಳಗೆ ಕಾಣುವುದು ಸಹಜವಾಗಿದ್ದು, ವಾಸನೆಯಿಲ್ಲದೆ ಬೇಗ ಕರಗುವ ಮತ್ತು ಎಂಜಿನ್ ಕಾದ ಮೇಲೆ ನಿಲ್ಲುವ ಇಂಥ ಹೊಗೆಗೆ ರಿಪೇರಿ ಬೇಕಿಲ್ಲ. ಡೀಸೆಲ್ ಕಾರುಗಳಲ್ಲಿ ಕಣ್ಣುರಿಸುವ, ಘಾಟು ವಾಸನೆಯ ಬಿಳಿ ಹೊಗೆಯು ಉರಿಯದೆ ಉಳಿದ ಇಂಧನದ್ದಾಗಿರುತ್ತದೆ. ತಣ್ಣಗಿರುವ ಸಿಲಿಂಡರನ್ನು ಬಿಸಿಮಾಡುವ ಗ್ಲೋ ಪ್ಲಗ್ಗಾಗಲಿ, ಇಂಧನ ಚಿಮ್ಮಿಸುವ ಇಂಜೆಕ್ಟರಾಗಲಿ ಕೆಟ್ಟಿರುವುದು ಇದಕ್ಕೆ ಸಾಮಾನ್ಯ ಕಾರಣ. ಮಸಿಯನ್ನು ಹಿಡಿದಿಡುವ ಫಿಲ್ಟರ್ ಇರುವ ಬಿಎಸ್-6 ಡೀಸೆಲ್ ಕಾರುಗಳಲ್ಲಿ, ಆ ಮಸಿಯನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ತೆಗೆಯುವ ಹೊತ್ತಿನಲ್ಲಿಯೂ ಕೆಲವೊಮ್ಮೆ ಬಿಳಿ ಹೊಗೆ ಬರುವುದುಂಟು.

ನಿಜವಾದ ಆತಂಕಕ್ಕೆ ಕಾರಣವಾಗುವುದು ಕೂಲೆಂಟ್, ಅಂದರೆ ಎಂಜಿನ್ನಿನ ಶಾಖವನ್ನು ರೇಡಿಯೇಟರಿಗೆ ಸಾಗಿಸುವ, ನೀರು ಮತ್ತು ಎಥಿಲೀನ್ ಗ್ಲೈಕಾಲ್ ಬೆರೆತ ದ್ರವ, ಸಿಲಿಂಡರಿನೊಳಗೆ ಸೋರುವುದು. ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವೆ ಕೂತು ಉರಿಯನ್ನೂ ನೀರನ್ನೂ ಆಯಿಲನ್ನೂ ಬೇರೆಬೇರೆಯಾಗಿಡುವ ತೆಳುವಾದ ಹೆಡ್ ಗ್ಯಾಸ್ಕೆಟ್‌ನಲ್ಲಿ ಕೂದಲೆಳೆಯಷ್ಟು ಬಿರುಕಾದರೂ, ಎಂಜಿನ್ ನಿಂತ ಮೇಲೆ ಕೂಲೆಂಟ್ ವ್ಯವಸ್ಥೆಯಲ್ಲಿ ಉಳಿದ ಒತ್ತಡದಿಂದ ದ್ರವವು ಒಳಗೆ ಜಿನುಗಿ ಪಿಸ್ಟನ್ ಮೇಲೆ ನಿಲ್ಲುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಅರೆಗಳಿಗೆ ಮಿಸ್ಸಿಂಗ್ ಹೊಡೆದು, ಸಿಹಿಯಾದ ವಾಸನೆಯ ದಟ್ಟ ಹೊಗೆ ಹೊಮ್ಮಿ, ಲೋಹ ಕಾದು ಹಿಗ್ಗಿದಂತೆ ಬಿರುಕು ಮುಚ್ಚಿಕೊಂಡು ಎಲ್ಲವೂ ಸರಿಹೋದಂತೆ ತೋರುತ್ತದೆ. ಹೊರಗೆಲ್ಲೂ ತೊಟ್ಟಿಕ್ಕದೆ ಕೂಲೆಂಟ್ ಮಟ್ಟ ವಾರವಾರವೂ ಇಳಿಯುತ್ತಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಮಟ್ಟವನ್ನು ಎಂಜಿನ್ ತಣಿದಾಗಲೇ ನೋಡಬೇಕು, ಏಕೆಂದರೆ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಆಯಿಲ್ ಮುಚ್ಚಳದ ಅಡಿಯಲ್ಲಿ ಕೆನೆಯಂಥ ಲೇಪ ಕಂಡರೆ ಗ್ಯಾಸ್ಕೆಟ್ ಹೋಗಿದೆಯೆಂದು ತೀರ್ಮಾನಿಸುವ ರೂಢಿಯುಂಟಾದರೂ, ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಒಳಗಿನ ತೇವಾಂಶವೇ ಅದನ್ನು ಉಂಟುಮಾಡಬಲ್ಲದು.

ಈ ಅನುಮಾನವನ್ನು ಪರಿಹರಿಸಿಕೊಳ್ಳದೆ ಹೆಡ್ ಬಿಚ್ಚುವುದು ಮಾಲೀಕರಿಗೆ ಬಗೆಯುವ ಅನ್ಯಾಯ. ತಣ್ಣಗಿನ ರೇಡಿಯೇಟರಿಗೆ ಕೈಪಂಪು ಮತ್ತು ಗೇಜ್ ಜೋಡಿಸಿ, ಮುಚ್ಚಳದ ಮೇಲೆ ನಮೂದಿಸಿದ ಒತ್ತಡವನ್ನು, ಸಾಮಾನ್ಯವಾಗಿ ಒಂದು ಬಾರ್‌ನ ಆಸುಪಾಸಿನದನ್ನು, ತುಂಬಿ ರಾತ್ರಿಯಿಡೀ ಬಿಡುವುದು, ಹೀಗೆ ಬಂದುಹೋಗುವ ಸೋರಿಕೆಗೆ ಅತ್ಯಂತ ತಕ್ಕ ಪರೀಕ್ಷೆ. ಬೆಳಿಗ್ಗೆ ಮುಳ್ಳು ಇಳಿದಿದ್ದರೆ ಸ್ಪಾರ್ಕ್ ಪ್ಲಗ್‌ಗಳನ್ನು ಕಳಚಿ, ಇಂಧನ ಮತ್ತು ಕಿಡಿಯ ಸಂಪರ್ಕ ತಪ್ಪಿಸಿ, ಎಂಜಿನ್ ತಿರುಗಿಸಿದಾಗ ಸೋರುವ ಸಿಲಿಂಡರಿನ ರಂಧ್ರದಿಂದಲೇ ತುಂತುರು ಹಾರುತ್ತದೆ. ಆ ಸಿಲಿಂಡರಿನ ಪ್ಲಗ್ ಕೂಡ ಆವಿಯಲ್ಲಿ ತೊಳೆದಂತೆ ಉಳಿದವುಗಳಿಗಿಂತ ಶುಭ್ರವಾಗಿರುವುದುಂಟು. ರೇಡಿಯೇಟರಿನ ಬಾಯಿಯ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸುವುದು ಇನ್ನೊಂದು ವಿಧಾನವಾಗಿದ್ದು, ಉರಿದ ಅನಿಲ ಅದರಲ್ಲಿ ಸೇರಿದ್ದರೆ ಇಂಗಾಲದ ಡೈಆಕ್ಸೈಡಿನಿಂದಾಗಿ ದ್ರಾವಣ ಹಳದಿಗೆ ತಿರುಗುತ್ತದೆ.

ದೋಷ ಖಚಿತವಾದ ಮೇಲೆ ಹೊಸ ಗ್ಯಾಸ್ಕೆಟ್ ಕೂರಿಸಿದರಷ್ಟೇ ಸಾಲದು. ಎಂಜಿನ್ ಅತಿಯಾಗಿ ಕಾದಾಗ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುವುದರಿಂದ ಅದರ ಮೈಯನ್ನು ನೇರಪಟ್ಟಿ ಮತ್ತು ಫೀಲರ್ ಗೇಜಿನಿಂದ ಅಳೆದು, ಅಗತ್ಯವಿದ್ದಲ್ಲಿ ಫೇಸಿಂಗ್ ಮಾಡಿಸಿ, ಅಂದರೆ ಯಂತ್ರದಲ್ಲಿ ಸಮತಟ್ಟಾಗಿ ಉಜ್ಜಿಸಿ, ಬೋಲ್ಟುಗಳನ್ನು ತಯಾರಕರು ಹೇಳಿದ ಕ್ರಮದಲ್ಲಿ, ಹಂತಹಂತವಾಗಿ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕಾಗುತ್ತದೆ.