ಒಂದೇ ಕಾಲು ಊದಿತ್ತು

ನ್ಯುಮೋನಿಯಾ ವಾಸಿಯಾಗಿ ಆಸ್ಪತ್ರೆಯಿಂದ ಪಿ.ಜಿ.ಗೆ ಮರಳಿ ಹತ್ತು ದಿನವಾಗಿತ್ತು. ಸುಸ್ತಿದ್ದರೂ ಕೆಎಎಸ್ ಪರೀಕ್ಷೆಯ ಗಡಿಬಿಡಿ; ಮಂಚದ ಮೇಲೆ ಮಲಗಿಯೇ ಓದುತ್ತಿದ್ದೆ. ಎಡ ಮೀನಖಂಡ ಬಿಗಿದು ನೋಯತೊಡಗಿತು. ನರ ಹಿಡಿದಿರಬೇಕೆಂದು ಮುಲಾಮು ಹಚ್ಚಿ ತಿಕ್ಕಿದೆ.

ನರ್ಸಿಂಗ್ ಓದುವ ರೂಮ್‌ಮೇಟ್ ನೋಡಿದವನೇ, 'ತಿಕ್ಕಬೇಡ ಮಾರಾಯ, ಒಂದೇ ಕಾಲು ಊದಿದೆಯಲ್ಲ' ಎಂದು ಆಸ್ಪತ್ರೆಗೆ ಎಳೆದೊಯ್ದ. ಡಾಪ್ಲರ್ ಸ್ಕ್ಯಾನ್‌ನಲ್ಲಿ ಕಾಲಿನ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕಂಡಿತು.

ಕೆಮ್ಮಿದ್ದು ಎದೆ, ಊದಿದ್ದು ಕಾಲು. ಎಲ್ಲಿಂದೆಲ್ಲಿಯ ಸಂಬಂಧ? ಡಾಕ್ಟರ್ ಬಿಡಿಸಿ ಹೇಳಿದರು. ಸೋಂಕಿನ ವಿರುದ್ಧ ದೇಹ ಹೋರಾಡುವಾಗ ಏಳುವ ಉರಿಯೂತ ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುತ್ತದೆ, ರಕ್ತನಾಳದ ಒಳಪದರವನ್ನೂ ಕೆಡಿಸುತ್ತದೆ. ಜೊತೆಗೆ ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತದ ಹರಿವು ನಿಧಾನವಾಗುತ್ತದೆ. ಜ್ವರ ಇಳಿದ ಮೇಲೂ ಕೆಲವು ವಾರ ಈ ಅಪಾಯ ಇರುತ್ತದಂತೆ. ಕೋವಿಡ್ ರೋಗಿಗಳಿಗೆ ಹೆಪ್ಪು ತಡೆಯುವ ಚುಚ್ಚುಮದ್ದು ಕೊಡುತ್ತಿದ್ದುದೂ ಇದಕ್ಕೇ. ಆ ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಹಠಾತ್ತನೆ ಉಸಿರುಗಟ್ಟುತ್ತದೆ, ಎದೆ ಚುಚ್ಚುತ್ತದೆ; ಪ್ರಾಣವೇ ಹೋಗಬಹುದು. ನಾನೋ, ತಿಕ್ಕುತ್ತಾ ಕೂತಿದ್ದೆ!

ಮೂರು ತಿಂಗಳು ಮಾತ್ರೆ ಬರೆದುಕೊಟ್ಟಿದ್ದಾರೆ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬಂದರೂ ತಿಳಿಸಬೇಕು. ಪ್ರಚಲಿತ ವಿದ್ಯಮಾನಗಳನ್ನು ಈಗ ಕಾರಿಡಾರಿನಲ್ಲಿ ನಡೆಯುತ್ತಾ ಓದುತ್ತೇನೆ.