ಕಾಣದ ಸಂಚಾರವನ್ನು ಪ್ರಶ್ನಿಸುವ ವಿದ್ಯೆ

ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಅಂತರ್ಜಾಲ ಮಂದವಾದೊಡನೆ ನಾವು ಕೈಹಾಕುವುದು ಊಹೆಗೆ. ಒಬ್ಬರು ವೈಫೈ ಪೆಟ್ಟಿಗೆಯನ್ನು ದೂರುತ್ತಾರೆ, ಇನ್ನೊಬ್ಬರು ಸಂಪರ್ಕ ಒದಗಿಸಿದ ಸಂಸ್ಥೆಯನ್ನು, ಮತ್ತೊಬ್ಬರು ದೂರದಲ್ಲೆಲ್ಲೋ ಇರುವ ಸರ್ವರನ್ನು. ಕೊನೆಗೆ ಯಾರೋ ಒಬ್ಬರು ಪೆಟ್ಟಿಗೆಯ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕುತ್ತಾರೆ, ಕೆಲವೊಮ್ಮೆ ಕೆಲಸ ಸರಿಹೋಗುತ್ತದೆ, ಕಾರಣ ಮಾತ್ರ ತಿಳಿಯದೆಯೇ ಉಳಿಯುತ್ತದೆ. ನಮ್ಮ ನೈಯಾಯಿಕರು, ಎಂದರೆ ನ್ಯಾಯದರ್ಶನದ ತಾರ್ಕಿಕರು, ಜ್ಞಾನಸಾಧನಗಳಾದ ಪ್ರಮಾಣಗಳನ್ನು ಎಣಿಸುವಾಗ ಪ್ರತ್ಯಕ್ಷಕ್ಕೆ ಅಗ್ರಸ್ಥಾನವನ್ನಿತ್ತು, ಅನುಮಾನವು ಪ್ರತ್ಯಕ್ಷವನ್ನು ಆಶ್ರಯಿಸಿಯೇ ಹುಟ್ಟತಕ್ಕದ್ದೆಂದು ನಿರ್ಣಯಿಸಿದರು. ತಂತಿಯೊಳಗೂ ಗಾಳಿಯಲ್ಲೂ ನಡೆಯುವ ಜಾಲಸಂಚಾರವು ಕಣ್ಣಿಗೆ ಗೋಚರವಾಗುವಂಥದಲ್ಲವಾದರೂ, ಅದನ್ನು ಹಿಡಿದು, ಬಿಡಿಸಿ, ಓದಲು ಬರುವ ರೂಪದಲ್ಲಿ ನಮ್ಮ ಮುಂದಿಡುವ ಸಾಧನಗಳು ಉಂಟು. ಅವುಗಳನ್ನು ಪ್ಯಾಕೆಟ್ ವಿಶ್ಲೇಷಕಗಳೆಂದು ಕರೆಯುತ್ತಾರೆ. ಅವುಗಳ ಪೈಕಿ ಜಗತ್ತಿನಾದ್ಯಂತ ಪ್ರಸಿದ್ಧವಾದದ್ದು ವೈರ್‌ಶಾರ್ಕ್. ಅದರ ಪರದೆಯನ್ನು ಓದುವುದು ಹೇಗೆ, ಅದರ ಡಿಸ್‌ಪ್ಲೇ ಫಿಲ್ಟರುಗಳಿಂದ ಬೇಕಾದುದನ್ನು ಆರಿಸಿಕೊಳ್ಳುವುದು ಹೇಗೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಈ ಸಾಧನದ ಹುಟ್ಟು ಅಭಾವದಿಂದ ಆದದ್ದು. ಅಮೆರಿಕದ ಮಿಸೌರಿ ವಿಶ್ವವಿದ್ಯಾನಿಲಯದ ಕ್ಯಾನ್ಸಸ್ ಸಿಟಿ ಶಾಖೆಯಲ್ಲಿ ಗಣಕವಿಜ್ಞಾನವನ್ನು ಓದಿದ ಜೆರಾಲ್ಡ್ ಕೋಂಬ್ಸ್ ಎಂಬಾತ, ಅಂತರ್ಜಾಲ ಸಂಪರ್ಕವನ್ನು ಒದಗಿಸುತ್ತಿದ್ದ ಚಿಕ್ಕ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದಾಗ, ಮಾರುಕಟ್ಟೆಯಲ್ಲಿ ದೊರೆಯುತ್ತಿದ್ದ ವಿಶ್ಲೇಷಕಗಳು ದುಬಾರಿಯಾಗಿಯೂ ತನ್ನ ಸಂಸ್ಥೆಯ ಸೊಲಾರಿಸ್ ಮತ್ತು ಲಿನಕ್ಸ್ ಯಂತ್ರಗಳಲ್ಲಿ ನಡೆಯದಂಥವಾಗಿಯೂ ಇದ್ದುದನ್ನು ಕಂಡು, ತಾನೇ ಒಂದನ್ನು ಬರೆಯತೊಡಗಿದನು. 1998ರ ಜುಲೈ ತಿಂಗಳಲ್ಲಿ ಅದು ‘ಎಥೀರಿಯಲ್’ ಎಂಬ ಹೆಸರಿನಿಂದ ಹೊರಬಂತು. 2006ರಲ್ಲಿ ಆತ ಬೇರೆ ಉದ್ಯೋಗಕ್ಕೆ ಹೋದಾಗ ಹಳೆಯ ಹೆಸರಿನ ಹಕ್ಕು ಹಿಂದಿನ ಸಂಸ್ಥೆಯಲ್ಲೇ ಉಳಿದುದರಿಂದ, ಅದೇ ಕೃತಿಯು ವೈರ್‌ಶಾರ್ಕ್ ಎಂಬ ಹೊಸ ಹೆಸರನ್ನು ಧರಿಸಿತು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ, ಮೂಲವನ್ನು ತೆರೆದು ನೋಡಿ ತಿದ್ದಬಹುದಾದ ತಂತ್ರಾಂಶವಾದ್ದರಿಂದ ಅನೇಕ ದೇಶಗಳ ಪ್ರೋಗ್ರಾಮರುಗಳು ಅದಕ್ಕೆ ತಮ್ಮ ಪಾಲಿನ ದುಡಿಮೆಯನ್ನು ಸೇರಿಸುತ್ತ ಬಂದಿದ್ದಾರೆ. ಇಂದು ಅದು ಸಾವಿರಾರು ಪ್ರೋಟೊಕಾಲುಗಳನ್ನು, ಎಂದರೆ ಗಣಕಗಳ ಸಂಭಾಷಣೆಯ ನಿಯಮಗಳನ್ನು, ಬಿಡಿಸಿ ಹೇಳಬಲ್ಲದು.

ಪರದೆಯ ವಿಚಾರಕ್ಕೆ ಬರುವ ಮುನ್ನ ಪ್ಯಾಕೆಟ್ಟಿನ ರಚನೆಯನ್ನು ಸ್ವಲ್ಪ ತಿಳಿಯಬೇಕು. ನಾವು ಕಳುಹಿಸುವ ಪತ್ರವಾಗಲಿ ಚಿತ್ರವಾಗಲಿ ಜಾಲದಲ್ಲಿ ಇಡಿಯಾಗಿ ಹೋಗುವುದಿಲ್ಲ; ಪ್ಯಾಕೆಟ್ಟುಗಳೆಂಬ ಚಿಕ್ಕ ಚಿಕ್ಕ ತುಣುಕುಗಳಾಗಿ ಹೋಗುತ್ತದೆ, ಈಥರ್‌ನೆಟ್ ಜಾಲದಲ್ಲಿ ಒಂದು ತುಣುಕು ಹೊರುವ ಸರಕು ಸಾಮಾನ್ಯವಾಗಿ 1500 ಬೈಟುಗಳನ್ನು ಮೀರದು. ಪ್ರತಿಯೊಂದು ತುಣುಕೂ ಲಕೋಟೆಯೊಳಗಿನ ಲಕೋಟೆಯಂತೆ ಪದರಪದರವಾಗಿ ಸುತ್ತಲ್ಪಟ್ಟಿರುತ್ತದೆ: ಹೊರಗಡೆ ಪಕ್ಕದ ಯಂತ್ರವನ್ನು ಮುಟ್ಟಲು ಬೇಕಾದ ಈಥರ್‌ನೆಟ್ ವಿಳಾಸ, ಅದರೊಳಗೆ ದೂರದ ಗಮ್ಯವನ್ನು ಸೂಚಿಸುವ ಐಪಿ ವಿಳಾಸ, ಅದರೊಳಗೆ ಯಾವ ಕಾರ್ಯಕ್ರಮಕ್ಕೆ ತಲುಪಬೇಕೆಂದು ಹೇಳುವ ಟಿಸಿಪಿ ಅಥವಾ ಯುಡಿಪಿ ಪೋರ್ಟು, ಎಲ್ಲಕ್ಕೂ ಒಳಗೆ ನಿಜವಾದ ಸಂದೇಶ.

ವೈರ್‌ಶಾರ್ಕನ್ನು ತೆರೆದಾಗ ಮೊದಲು ಕಾಣುವುದು ನಮ್ಮ ಗಣಕದ ಜಾಲದ್ವಾರಗಳ ಪಟ್ಟಿ: ವೈಫೈ, ಈಥರ್‌ನೆಟ್ ಮೊದಲಾದವು. ಪ್ರತಿ ಹೆಸರಿನ ಪಕ್ಕದಲ್ಲಿ ಒಂದು ಸಣ್ಣ ಗೆರೆ ಓಡುತ್ತಿರುತ್ತದೆ. ಸಂಚಾರವಿರುವ ಕಡೆ ಆ ಗೆರೆ ಏರಿಳಿಯುತ್ತದೆ, ಇಲ್ಲದ ಕಡೆ ಚಪ್ಪಟೆಯಾಗಿರುತ್ತದೆ. ಏರಿಳಿಯುವುದನ್ನು ಆರಿಸಿ ಎರಡು ಸಲ ಕ್ಲಿಕ್ಕಿಸಿದರೆ ಹಿಡಿಯುವ ಕೆಲಸ ಆರಂಭ. ಮೇಲ್ಗಡೆ ಮೀನಿನ ರೆಕ್ಕೆಯಾಕಾರದ ನೀಲಿ ಗುಂಡಿ ಆರಂಭಕ್ಕೆ, ಕೆಂಪು ಚೌಕ ನಿಲುಗಡೆಗೆ.

ಆಗ ತೆರೆದುಕೊಳ್ಳುವ ಪರದೆಯಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಪ್ಯಾಕೆಟ್ಟುಗಳ ಪಟ್ಟಿ. ಒಂದೊಂದು ಪ್ಯಾಕೆಟ್ಟಿಗೆ ಒಂದೊಂದು ಸಾಲು, ಅದರಲ್ಲಿ ಕ್ರಮಸಂಖ್ಯೆ, ಕಾಲ, ಹೊರಟ ವಿಳಾಸ, ಸೇರುವ ವಿಳಾಸ, ಪ್ರೋಟೊಕಾಲು, ಉದ್ದ, ಸಂಕ್ಷಿಪ್ತ ಮಾಹಿತಿ. ಸಾಲುಗಳಿಗೆ ಬಣ್ಣವೂ ಉಂಟು. ರೂಢಿಯ ನಿಯಮದಂತೆ ತಿಳಿನೇರಳೆ ಸಾಮಾನ್ಯ ಟಿಸಿಪಿಗೆ, ತಿಳಿನೀಲಿ ಯುಡಿಪಿಗೆ, ಕಪ್ಪು ಹಿನ್ನೆಲೆಯ ಕೆಂಪಕ್ಷರವು ಟಿಸಿಪಿಯಲ್ಲಿ ಏನೋ ವ್ಯತ್ಯಾಸವಾಗಿದೆ ಎಂಬುದಕ್ಕೆ. ಎರಡನೆಯ ಭಾಗವು ಆರಿಸಿದ ಪ್ಯಾಕೆಟ್ಟಿನ ಪದರಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುತ್ತದೆ. ಮೂರನೆಯದು ಪ್ಯಾಕೆಟ್ಟಿನ ಮೂಲ ಬೈಟುಗಳನ್ನು ಸಾಲಿಗೆ 16ರಂತೆ ಹದಿನಾರರ ಆಧಾರದ ಅಂಕಿಗಳಲ್ಲಿ ಬರೆದು, ಬಲಗಡೆ ಅವುಗಳಿಗೆ ಸಲ್ಲುವ ರೋಮನ್ ಅಕ್ಷರಗಳನ್ನು ಕೊಡುತ್ತದೆ.

ಎರಡನೆಯ ಮತ್ತು ಮೂರನೆಯ ಭಾಗಗಳ ಸಂಬಂಧವೇ ಈ ಸಾಧನದ ನಿಜವಾದ ಪಾಠಶಾಲೆ. ಎರಡನೆಯದರಲ್ಲಿ ಐಪಿ ಪದರದ ಮೇಲೆ ಕ್ಲಿಕ್ಕಿಸಿದರೆ ಮೂರನೆಯದರಲ್ಲಿ ಅದಕ್ಕೆ ಸೇರಿದ ಬೈಟುಗಳು ಎದ್ದುಕಾಣುತ್ತವೆ. ಈಥರ್‌ನೆಟ್ಟಿನ 14 ಬೈಟುಗಳಲ್ಲಿ ಮೊದಲ ಆರು ಸೇರಬೇಕಾದ ಯಂತ್ರದ ವಿಳಾಸ, ಮುಂದಿನ ಆರು ಕಳುಹಿಸಿದ ಯಂತ್ರದ ವಿಳಾಸ, ಕೊನೆಯ ಎರಡು ‘08 00’ ಆಗಿದ್ದರೆ ಒಳಗಿರುವುದು ಐಪಿಯ ನಾಲ್ಕನೆಯ ಆವೃತ್ತಿಯೆಂಬ ಸೂಚನೆ. ಅದರ ಬೆನ್ನಿಗೇ ಬರುವ ‘45’ ಎಂಬ ಬೈಟಿನಲ್ಲಿ 4 ಎಂಬುದು ಆವೃತ್ತಿ, 5 ಎಂಬುದು ಶಿರೋಭಾಗದ ಉದ್ದವನ್ನು ನಾಲ್ಕು ಬೈಟುಗಳ ಮಾನದಲ್ಲಿ ಹೇಳಿದ್ದು, ಎಂದರೆ 20 ಬೈಟುಗಳು. ಕನ್ನಡದ ಪಠ್ಯವೊಂದು ಗೂಢಲಿಪಿಗೂ ಸಂಕೋಚನಕ್ಕೂ ಒಳಗಾಗದೆ ಹಾದುಹೋದರೆ ಬಲಗಡೆ ಬರಿಯ ಚುಕ್ಕೆಗಳು ಕಾಣುತ್ತವೆ. ಎಡಗಡೆ ಮಾತ್ರ ‘ಇ0 ಬಿ2’ ಇಲ್ಲವೆ ‘ಇ0 ಬಿ3’ ಎಂಬ ಜೋಡಿ ಮತ್ತೆ ಮತ್ತೆ ಬರುತ್ತಿರುತ್ತದೆ, ಏಕೆಂದರೆ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಪ್ರತಿ ಲಿಪಿಚಿಹ್ನೆಯೂ ಮೂರು ಬೈಟುಗಳಾಗಿ ಹೊರಡುತ್ತದೆ. ‘ಕ’ ಎಂಬ ಅಕ್ಷರ ‘ಇ0 ಬಿ2 95’. ಆ ಪ್ಯಾಕೆಟ್ಟಿನ ಮೇಲೆ ಬಲಗುಂಡಿಯನ್ನೊತ್ತಿ ‘ಫಾಲೋ’ ಎಂಬಲ್ಲಿ ಟಿಸಿಪಿ ಸ್ಟ್ರೀಮನ್ನು ಆರಿಸಿ, ತೆರೆದ ಕಿಟಕಿಯಲ್ಲಿ ಯುಟಿಎಫ್-8 ಎಂದು ಸೂಚಿಸಿದರೆ, ಅದೇ ಬೈಟುಗಳು ಅಚ್ಚಗನ್ನಡವಾಗಿ ಎದುರು ನಿಲ್ಲುತ್ತವೆ.

ಆದರೆ ಕೆಲವೇ ನಿಮಿಷಗಳಲ್ಲಿ ಪಟ್ಟಿಯು ಸಾವಿರಾರು ಸಾಲುಗಳಿಗೆ ಬೆಳೆಯುತ್ತದೆ, ಮೊದಲ ಸಲ ನೋಡುವವರು ದಿಗ್ಭ್ರಾಂತರಾಗಿ ಕಿಟಕಿಯನ್ನು ಮುಚ್ಚಿಬಿಡುವುದೂ ಇಲ್ಲೇ. ಎಲ್ಲವನ್ನೂ ಕಂಡರೆ ಏನನ್ನೂ ಕಾಣದಂತಾಗುವ ಈ ಸಂಕಟಕ್ಕೆ ಪರಿಹಾರವಾಗಿ ಬಂದದ್ದೇ ಪಟ್ಟಿಯ ಮೇಲ್ಗಡೆ ಇರುವ ಉದ್ದನೆಯ ಖಾಲಿ ಪಟ್ಟಿಕೆ, ಡಿಸ್‌ಪ್ಲೇ ಫಿಲ್ಟರಿನ ಸ್ಥಾನ. ಅಲ್ಲಿ ಬರೆದ ನಿಯಮಕ್ಕೆ ಒಪ್ಪುವ ಪ್ಯಾಕೆಟ್ಟುಗಳು ಮಾತ್ರ ಪಟ್ಟಿಯಲ್ಲಿ ಉಳಿಯುತ್ತವೆ. ಉಳಿದವು ನಾಶವಾಗುವುದಿಲ್ಲ, ಮರೆಯಾಗುತ್ತವೆ ಅಷ್ಟೆ. ನಿಯಮವನ್ನು ಅಳಿಸಿದೊಡನೆ ಎಲ್ಲವೂ ಮರಳಿ ಬರುತ್ತವೆ. ಹಿಡಿಯುವ ಮೊದಲೇ ಹೇರಬಹುದಾದ ಕ್ಯಾಪ್ಚರ್ ಫಿಲ್ಟರ್ ಎಂಬ ಇನ್ನೊಂದು ಜಾತಿಯುಂಟು. ಅದು ತಿರಸ್ಕರಿಸಿದ್ದು ಶಾಶ್ವತವಾಗಿ ಕೈತಪ್ಪಿತು. ಅದರ ಭಾಷೆಯೂ ಬೇರೆ. ಒಂದರ ವಾಕ್ಯವನ್ನು ಇನ್ನೊಂದರ ಜಾಗದಲ್ಲಿ ಬರೆದು ಏಕೆ ಕೆಲಸ ಮಾಡದೆಂದು ತೊಳಲುವವರು ಅನೇಕರು. ಸಂಚಾರವು ವಿಪರೀತವಾಗಿದ್ದ ಹೊರತು, ಧಾರಾಳವಾಗಿ ಹಿಡಿದು ಆಮೇಲೆ ಆರಿಸುವುದೇ ಕ್ಷೇಮ.

ಡಿಸ್‌ಪ್ಲೇ ಫಿಲ್ಟರಿನ ಭಾಷೆಯ ವ್ಯಾಕರಣ ಸರಳವಾದುದು. ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿರುವುದನ್ನು ಯಂತ್ರದಲ್ಲಿ ರೋಮನ್ ಲಿಪಿಯ ಚಿಕ್ಕಕ್ಷರಗಳಲ್ಲಿ ಬರೆಯತಕ್ಕದ್ದು. ಪ್ರೋಟೊಕಾಲಿನ ಹೆಸರನ್ನಷ್ಟೇ ಬರೆದರೆ, ಉದಾಹರಣೆಗೆ ‘ಡಿಎನ್‌ಎಸ್’ ಎಂದರೆ, ಆ ಪ್ರೋಟೊಕಾಲಿನ ಪ್ಯಾಕೆಟ್ಟುಗಳು ಮಾತ್ರ ಉಳಿಯುತ್ತವೆ. ಹೆಸರಿನ ಮುಂದೆ ಚುಕ್ಕೆಯಿಟ್ಟು ಅದರೊಳಗಿನ ಕ್ಷೇತ್ರವನ್ನು ಹೆಸರಿಸಿ, ಹೋಲಿಕೆಯ ಚಿಹ್ನೆಯನ್ನೂ ಬೆಲೆಯನ್ನೂ ಸೇರಿಸಿದರೆ ಪ್ರಶ್ನೆ ಸೂಕ್ಷ್ಮವಾಗುತ್ತದೆ: ‘ಟಿಸಿಪಿ.ಪೋರ್ಟ್ == 443’, ‘ಐಪಿ.ಆಡ್ರ್ == 192.168.1.5’. ಇಂಥ ಎರಡನ್ನು ‘&&’ ಚಿಹ್ನೆಯಿಂದ ಕೂಡಿಸಿದರೆ ಎರಡೂ ನಿಜವಾಗಿರಬೇಕು, ‘||’ ಚಿಹ್ನೆಯಿಂದ ಕೂಡಿಸಿದರೆ ಒಂದಾದರೂ ನಿಜವಾಗಿರಬೇಕು. ಬರೆಯುತ್ತಿರುವಾಗಲೇ ಪಟ್ಟಿಕೆಯು ಬಣ್ಣ ಬದಲಿಸುತ್ತದೆ: ವಾಕ್ಯ ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು, ವಾಕ್ಯ ನಡೆದರೂ ನೀವೆಣಿಸಿದ ಫಲ ಬಾರದಿರಬಹುದೆಂಬ ಶಂಕೆಯಿದ್ದರೆ ಹಳದಿ. ಕ್ಷೇತ್ರಗಳ ಹೆಸರನ್ನು ಬಾಯಿಪಾಠ ಮಾಡುವ ಅಗತ್ಯವೂ ಇಲ್ಲ. ಎರಡನೆಯ ಭಾಗದಲ್ಲಿ ಯಾವುದೇ ಕ್ಷೇತ್ರವನ್ನು ಮುಟ್ಟಿದರೆ ಕಿಟಕಿಯ ತಳದಲ್ಲಿ ಅದರ ಹೆಸರು ಕಾಣಿಸುತ್ತದೆ, ಬಲಗುಂಡಿಯೊತ್ತಿ ‘ಅಪ್ಲೈ ಆ್ಯಸ್ ಫಿಲ್ಟರ್’ ಎಂಬುದನ್ನು ಆರಿಸಿದರೆ ವಾಕ್ಯವೇ ಸಿದ್ಧವಾಗಿ ಬರುತ್ತದೆ. ಅಲ್ಲೇ ತಳದಲ್ಲಿ ಹಿಡಿದವು ಎಷ್ಟು, ತೋರುತ್ತಿರುವವು ಎಷ್ಟು ಎಂಬ ಲೆಕ್ಕವೂ ಇರುತ್ತದೆ.

ಇನ್ನು ಆರಂಭದ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ: ಒಂದು ಜಾಲತಾಣ ತೆರೆಯಲು ಐದು ಸೆಕೆಂಡು ಹಿಡಿಯುತ್ತದೆ, ದೋಷ ಯಾರದು? ಗಣಕವು ಮೊದಲು ತಾಣದ ಹೆಸರನ್ನು ಕೊಟ್ಟು ಅದರ ಐಪಿ ವಿಳಾಸವನ್ನು ಕೇಳಬೇಕು, ಈ ವಿಚಾರಣೆಯೇ ಡಿಎನ್‌ಎಸ್. ‘ಡಿಎನ್‌ಎಸ್.ಟೈಮ್ > 0.5’ ಎಂದು ಬರೆದರೆ ಅರ್ಧ ಸೆಕೆಂಡಿಗಿಂತ ತಡವಾಗಿ ಬಂದ ಉತ್ತರಗಳಷ್ಟೇ ಉಳಿಯುತ್ತವೆ; ಸಾಲುಗಳು ಉಳಿದರೆ ತಡ ಅಲ್ಲಿದೆ. ಉಳಿಯದಿದ್ದರೂ ಡಿಎನ್‌ಎಸ್ಸನ್ನು ಪೂರ್ತಿ ನಿರ್ದೋಷಿಯೆನ್ನುವಂತಿಲ್ಲ, ಏಕೆಂದರೆ ಉತ್ತರವೇ ಬಾರದ ಪ್ರಶ್ನೆಗೆ ಕಾಲದ ಲೆಕ್ಕವೂ ಇರುವುದಿಲ್ಲ. ಬರಿಯ ‘ಡಿಎನ್‌ಎಸ್’ ಎಂದು ಬರೆದು, ಪ್ರತಿ ಪ್ರಶ್ನೆಗೂ ಉತ್ತರ ಜೊತೆಗೂಡಿದೆಯೇ ಎಂದು ನೋಡಬೇಕು.

ಅಲ್ಲಿ ಎಲ್ಲ ಸರಿಯಿದ್ದರೆ ಮುಂದಿನ ಹೆಜ್ಜೆ ಸಂಪರ್ಕದ ಆರಂಭ. ಟಿಸಿಪಿಯಲ್ಲಿ ಸಂಭಾಷಣೆ ಮೊದಲಾಗಬೇಕಾದರೆ ನಮ್ಮ ಕಡೆಯಿಂದ ‘ಸಿನ್’ ಎಂಬ ಗುರುತಿನ ಪ್ಯಾಕೆಟ್ಟು ಹೋಗಬೇಕು, ಆ ಕಡೆಯಿಂದ ‘ಸಿನ್’ ಮತ್ತು ‘ಆ್ಯಕ್’ ಕೂಡಿದ್ದು ಬರಬೇಕು, ನಾವು ‘ಆ್ಯಕ್’ ಕಳುಹಿಸಬೇಕು. ‘ಟಿಸಿಪಿ.ಫ್ಲ್ಯಾಗ್ಸ್.ಸಿನ್ == 1 && ಟಿಸಿಪಿ.ಫ್ಲ್ಯಾಗ್ಸ್.ಆ್ಯಕ್ == 0’ ಎಂಬ ವಾಕ್ಯವು ಮೊದಲ ಕರೆಗಳನ್ನು ಮಾತ್ರ ಉಳಿಸುತ್ತದೆ. ಒಂದೇ ಕರೆ ಸುಮಾರು ಒಂದು ಸೆಕೆಂಡಿನ ಬಳಿಕ ಮತ್ತೊಮ್ಮೆ, ಆಮೇಲೆ ಇನ್ನೊಮ್ಮೆ ಹೋಗಿರುವುದು ಕಂಡರೆ, ಆ ಕಡೆಯವರು ಕೇಳಿಸಿಕೊಳ್ಳುತ್ತಿಲ್ಲ, ಇಲ್ಲವೆ ನಡುವೆ ಯಾವುದೋ ಕಾವಲು ಅದನ್ನು ತಡೆಯುತ್ತಿದೆ. ಸಂಪರ್ಕವು ಕ್ಷಣಾರ್ಧದಲ್ಲಿ ಏರ್ಪಟ್ಟರೂ ನಡುನಡುವೆ ಪ್ಯಾಕೆಟ್ಟುಗಳು ಕಳೆದುಹೋಗುತ್ತಿದ್ದರೆ, ‘ಟಿಸಿಪಿ.ಅನಾಲಿಸಿಸ್.ರೀಟ್ರಾನ್ಸ್‌ಮಿಷನ್’ ಎಂಬ ಫಿಲ್ಟರ್ ಮತ್ತೆ ಕಳುಹಿಸಬೇಕಾಗಿ ಬಂದ ಪ್ಯಾಕೆಟ್ಟುಗಳನ್ನು ಸಾಲಾಗಿ ನಿಲ್ಲಿಸುತ್ತದೆ. ಇವಾವುವೂ ಇಲ್ಲದೆ, ನಮ್ಮ ಕೋರಿಕೆ ತಲುಪಿತೆಂಬ ‘ಆ್ಯಕ್’ ಕೂಡಲೇ ಬಂದು, ಕೇಳಿದ ಪುಟ ಮಾತ್ರ ನಾಲ್ಕು ಸೆಕೆಂಡು ಕಳೆದು ಹೊರಟಿದ್ದರೆ, ಜಾಲ ನಿರ್ದೋಷಿ. ಆ ಸರ್ವರಿನ ಒಳಗಣ ಕಾರ್ಯಕ್ರಮವೇ ತಡಮಾಡಿದೆಯೆಂದು ಹೇಳಲು ಬಲವಾದ ಆಧಾರ ಸಿಕ್ಕಿತು. ಹೀಗೆ ಮೂರ್ನಾಲ್ಕು ಪ್ರಶ್ನೆಗಳಲ್ಲಿ ದೂರುಗಳೆಲ್ಲ ಅಡಗಿ ಕಾರಣವು ಸ್ಥಾನಸಹಿತವಾಗಿ ಗೋಚರಿಸುತ್ತದೆ.

ಪ್ರಶ್ನೆಯ ರೂಪ ತಪ್ಪಿದರೆ ಉತ್ತರವೂ ತಪ್ಪುತ್ತದೆಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವುಂಟು. ಒಂದು ವಿಳಾಸದ ಪ್ಯಾಕೆಟ್ಟುಗಳು ಬೇಡವೆನ್ನಲು ‘ಐಪಿ.ಆಡ್ರ್ != 192.168.1.5’ ಎಂದು ಬರೆಯುವುದು ಸಹಜವಾಗಿ ತೋರುತ್ತದೆ. ಆದರೆ ಪ್ರತಿ ಪ್ಯಾಕೆಟ್ಟಿಗೂ ಹೊರಟದ್ದೊಂದು ಸೇರುವುದೊಂದು ಎಂದು ಎರಡು ವಿಳಾಸಗಳಿರುವುದರಿಂದ, ಹಳೆಯ ಆವೃತ್ತಿಗಳು ಇದನ್ನು ‘ಎರಡರಲ್ಲಿ ಒಂದಾದರೂ ಬೇರೆಯಾಗಿದ್ದರೆ ಸಾಕು’ ಎಂದು ಅರ್ಥೈಸಿ, ಬೇಡವೆಂದ ಪ್ಯಾಕೆಟ್ಟುಗಳನ್ನೇ ಮುಂದಿಡುತ್ತಿದ್ದವು. 2021ರಲ್ಲಿ ಬಂದ 3.6ನೆಯ ಆವೃತ್ತಿಯಲ್ಲಿ ಈ ಅರ್ಥವನ್ನು ತಿದ್ದಿದರು. ಆದರೂ ‘!(ಐಪಿ.ಆಡ್ರ್ == 192.168.1.5)’ ಎಂದು ಇಡೀ ವಾಕ್ಯವನ್ನು ನಿಷೇಧಿಸಿ ಬರೆಯುವುದು ಎಲ್ಲ ಆವೃತ್ತಿಗಳಲ್ಲೂ ನಿಸ್ಸಂದಿಗ್ಧವಾದ ಕ್ರಮ.

ಈ ದೃಷ್ಟಿಗೆ ಮಿತಿಯೂ ಇದೆ, ಮರ್ಯಾದೆಯೂ ಇದೆ. ಇಂದಿನ ಜಾಲಸಂಚಾರದ ಬಹುಭಾಗವು ಟಿಎಲ್‌ಎಸ್ ಎಂಬ ಗೂಢಲಿಪಿಯ ಕವಚದೊಳಗೆ ಸಾಗುವುದರಿಂದ ಸಂದೇಶದ ಒಡಲು ಕಾಣದು. ಯಾರು ಯಾರೊಡನೆ, ಯಾವಾಗ, ಎಷ್ಟು ಮಾತಾಡಿದರೆಂಬುದು ಮಾತ್ರ ಕಾಣುತ್ತದೆ. ಅಷ್ಟು ಕಂಡರೂ ಒಬ್ಬನ ದಿನಚರಿಯನ್ನು ಬರೆಯಬಹುದೆಂಬುದನ್ನು ಮರೆಯಬಾರದು. ಆದ್ದರಿಂದ ಸ್ವಂತ ಯಂತ್ರದಲ್ಲಿ, ಸ್ವಂತ ಜಾಲದಲ್ಲಿ, ಇಲ್ಲವೆ ಒಡೆಯರ ಸ್ಪಷ್ಟ ಅನುಮತಿಯಿದ್ದಲ್ಲಿ ಮಾತ್ರ ಇದನ್ನು ಬಳಸತಕ್ಕದ್ದು. ಅನುಮತಿಯಿಲ್ಲದೆ ಅನ್ಯರ ಜಾಲದಿಂದ ದತ್ತಾಂಶವನ್ನು ತೆಗೆದುಕೊಳ್ಳುವುದು ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೆಯ ಕಲಮಿಗೆ ವಿರುದ್ಧ, ಅಪ್ರಾಮಾಣಿಕ ಬುದ್ಧಿಯಿಂದ ಮಾಡಿದರೆ 66ನೆಯ ಕಲಮಿನಂತೆ ಶಿಕ್ಷಾರ್ಹ.

ಈ ಎಚ್ಚರವನ್ನಿಟ್ಟುಕೊಂಡು, ಕಾಲೇಜಿನಲ್ಲಿ ಜಾಲದ ಪಾಠವನ್ನು ಪುಸ್ತಕದಿಂದ ಮಾತ್ರ ಓದುತ್ತಿರುವ ವಿದ್ಯಾರ್ಥಿಗಳೂ, ತಮ್ಮ ಯಂತ್ರದಲ್ಲಿ ನಡೆಯುವುದೇನೆಂದು ತಿಳಿಯಬಯಸುವ ಸಾಮಾನ್ಯ ಗೃಹಸ್ಥರೂ ಒಮ್ಮೆ ವೈರ್‌ಶಾರ್ಕನ್ನು ತಮ್ಮ ಗಣಕದಲ್ಲಿ ಸ್ಥಾಪಿಸಿ, ತಮ್ಮದೇ ಸಂಚಾರವನ್ನು ಐದು ನಿಮಿಷ ಹಿಡಿದು ನೋಡಬೇಕೆಂದು ನನ್ನ ಪ್ರಾರ್ಥನೆ. ಫಿಲ್ಟರನ್ನು ಬರೆಯುವ ಮೊದಲು, ತಿಳಿಯಬೇಕಾದದ್ದು ಏನೆಂಬುದನ್ನು ಕಾಗದದ ಮೇಲೆ ಒಂದು ಕನ್ನಡ ವಾಕ್ಯದಲ್ಲಿ ಬರೆದುಕೊಳ್ಳಿ. ಆ ವಾಕ್ಯ ಸ್ಪಷ್ಟವಾಗಿದ್ದರೆ ಫಿಲ್ಟರ್ ತಾನಾಗಿ ಒದಗಿ ಬರುತ್ತದೆ, ಸ್ಪಷ್ಟವಾಗಿಲ್ಲದಿದ್ದರೆ ಯಾವ ಫಿಲ್ಟರೂ ನೆರವಾಗದು.